ದಸರಾ-ದೀಪಾವಳಿ ಟೈಮಲ್ಲಿ ಶಿವಮೊಗ್ಗ ಸುತ್ತ ಏನೇನ್ ನೋಡ್ಬಹುದು?

ಮಳೆಹುಳ: ಹೊಸದಾಗಿ ಟ್ರಾನ್ಸ್‌ಫರ್ ಆಗಿ ಬಂದಿದೀನಿ, ಬೆಂಗ್ಳೂರಲ್ಲಿ ವಾರಕ್ಕೊಂದು ನಾಟ್ಕ ನೋಡೋ ಚಟ ಇತ್ತು. ಇಲ್ಲಿ ಜೋಗ ಬಿಟ್ರೆ ಏನೂ ಇಲ್ಲ ಅಂತಾರಲ್ಲ ಆಫೀಸಲ್ಲಿ, ನಿಜಾನಾ?

ಅಡಿಕೆಸೋಗೆ: ಯಾರ್ರೀ ಹಂಗಂದೋರು 😄 ಅಕ್ಟೋಬರ್‌ನಲ್ಲಿ ಹೆಗ್ಗೋಡಿಗೆ ಹೋಗಿ. ಅಲ್ಲಿನ ನಾಟ್ಕದ ಸಂಸ್ಥೆ ನೀನಾಸಂದು ಸಂಸ್ಕೃತಿ ಶಿಬಿರ ಹೆಚ್ಚಾಗಿ ಆಗ್ಲೇ ಇರತ್ತೆ, ಆ ವರ್ಷದ ತಿರುಗಾಟದ ನಾಟ್ಕಗಳೂ ಅಲ್ಲೇ ಮೊದ್ಲು ನೋಡಕ್ ಸಿಗತ್ತೆ, ಆಮೇಲೆ ಅವು ಊರೂರು ಸುತ್ತತ್ವೆ, 1985ರಿಂದ ಬಂದಿರೋ ಪದ್ಧತಿ ಇದು. ಶಿಬಿರಕ್ಕೆ ಮೊದ್ಲೇ ಹೆಸ್ರು ಕೊಡ್ಬೇಕು, ಸಾಗರದಲ್ಲಿ ಇಳ್ಕೊಂಡ್ರೆ ಹತ್ರ. ರಾತ್ರಿ ವಾಪಸ್ ಬಸ್ ನಂಬ್ಕೊಬೇಡಿ ಮಾತ್ರ.

ತುಂಗಾತೀರ: ಊರಲ್ಲೇ ದಸರಾ ಇದ್ಯಲ್ಲ, ಮಕ್ಕಳ ದಸರಾ, ರಂಗ ದಸರಾ ಅಂತೆಲ್ಲ ಮಾಡ್ತಾರೆ, ಕುವೆಂಪು ರಂಗಮಂದಿರದ ಕಡೆ ಒಂದ್ ಕಣ್ಣಿಟ್ಟಿರಿ. ವಿಜಯದಶಮಿ ದಿನ ಹಳೇ ಜೈಲ್ ಜಾಗದಲ್ಲಿ (ಫ್ರೀಡಂ ಪಾರ್ಕ್ ಅಂತಾರೆ) ಬನ್ನಿ ಮುಡಿಯೋದು. ಜನ ಸಿಕ್ಕಾಪಟ್ಟೆ, ಗಾಡಿ ಮನೇಲೇ ಬಿಟ್ಟು ಬನ್ನಿ.

ಕಾಡುಮಲ್ಲಿಗೆ: ನನ್ ಕೇಳಿದ್ರೆ ದೀಪಾವಳಿಗೆ ತೀರ್ಥಹಳ್ಳಿ, ಹೊಸನಗರ ಕಡೆ ಹಳ್ಳಿಲಿ ಯಾರಾದ್ರೂ ಪರಿಚಯದೋರ ಮನೇಲಿ ಉಳ್ಕೊಳಿ. ರಾತ್ರಿ ಅಂಟಿಗೆ-ಪಂಟಿಗೆಯೋರು ದೀಪ ಹಿಡ್ಕೊಂಡ್ ಹಾಡ್ತಾ ಬರ್ತಾರೆ, ದೀಪ ಆರ್ಬಾರ್ದು, ಮನೆಯೋರು ಅದಕ್ಕೆ ಎಣ್ಣೆ ಹೊಯ್ದು ಅಕ್ಕಿನೋ ದುಡ್ಡೋ ಕೊಡ್ತಾರೆ. ಒಬ್ರು ಎತ್ಕೊಡೋದು ಉಳಿದೋರು ಸೊಲ್ಲು ಹಿಡಿಯೋದು, ಮೈಕಿಲ್ಲ ಏನಿಲ್ಲ. ಇದನ್ನೇ ಸ್ಟೇಜ್ ಮೇಲೆ ಐದ್ ನಿಮಿಷಕ್ಕೆ ಕತ್ತರಿಸಿ ತೋರ್ಸಿದ್ರೆ ನಂಗಂತೂ ಸಪ್ಪೆ ಅನ್ಸತ್ತೆ.

ಮಳೆಹುಳ: ಸೂಪರ್, ಥ್ಯಾಂಕ್ಸ್! ಯಕ್ಷಗಾನ?

ಅಡಿಕೆಸೋಗೆ: ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಶುರು, ಸ್ವೆಟರ್ ತಗೊಂಡಿಡಿ.