ಸಹಾಯ ಬೇಕು: ಸನ್ನೆ ಭಾಷೆ ಬಲ್ಲವರು, ಸೋಮವಾರಪೇಟೆ ಕಡೆ

ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಎರಡು ವರ್ಷದ ಕಿವುಡ ಮಗುವಿದೆ. ವಾರಕ್ಕೆರಡು ಸಂಜೆ, ಒಂದೊಂದು ಗಂಟೆ ಬಂದು ಭಾರತೀಯ ಸನ್ನೆ ಭಾಷೆಯಲ್ಲಿ ಮಾತಾಡುವವರು ಬೇಕು. ಕಿವುಡ ಹಿರಿಯರೇ ಸಿಕ್ಕರೆ ಬಹಳ ಒಳ್ಳೆಯದು. ಪದಗಳು ಮೊಬೈಲಿನಲ್ಲೂ ಸಿಗುತ್ತವೆ, ಆದರೆ ಮುಖಭಾವ, ವಾಕ್ಯದ ಓಟ ಮನುಷ್ಯರಿಂದಲೇ ಬರಬೇಕು.

ಅಮ್ಮ ಒಬ್ಬರೇ ಕಲಿತರೆ ಸಾಲದು, ಅಜ್ಜಿ, ಅಣ್ಣನೂ ಜೊತೆಗೆ ಕೂರಲಿ. ಈಗ ಮಗು ಬೆಕ್ಕನ್ನು ನೋಡುತ್ತಿರುವಾಗಲೇ ಇವರು ಸನ್ನೆ ಮಾಡಿ ಮುಗಿಸುತ್ತಾರೆ. ಮಗುವಿಗೆ ಕಾಣುವುದೇ ಇಲ್ಲ. ಭುಜ ಮೆಲ್ಲಗೆ ತಟ್ಟಿ, ತಿರುಗುವವರೆಗೆ ಕಾದು, ಆಮೇಲೆ ಸನ್ನೆ ಮಾಡುವುದನ್ನು ರೂಢಿ ಮಾಡಿಸಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರಂತೂ ಮಾತೇ ನಿಂತಂತೆ, ಹಾಗಾಗಿ ಒಂದು ಚಾರ್ಜಿಂಗ್ ದೀಪವೂ ಬೇಕು.

ಬರಬಲ್ಲವರು ಇಲ್ಲೇ ತಿಳಿಸಿ, ಬಸ್ ಖರ್ಚು ಕೊಡುತ್ತೇವೆ.