ರಬ್ಬರ್ 'ಚೈನಿಗೆ' ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಬೆಂಗಳೂರಲ್ಲಿ ಕೂತು ಭತ್ತ ಕೊಯ್ಯುವ ಮಷೀನಿನ ನಿರ್ವಹಣೆ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ, ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ಕೆಸರು ಗದ್ದೆಗೆ ಇಳಿಯುವ ಮಷೀನಿಗೆ ಟಯರ್ ಬದಲು ಎರಡೂ ಪಕ್ಕ ಅಗಲವಾದ ರಬ್ಬರ್ ಸುತ್ತು ಇರುತ್ತದಲ್ಲ, ಅದಕ್ಕೆ ಏನು ಬರೆಯಲಿ?

ಜನ ಹೇಳುವುದು 'ಚೈನ್ ಮಷೀನ್', 'ಟಯರ್ ಮಷೀನ್' ಅಂತ. ಹಾಗಾದ್ರೆ 'ಚೈನು' ಸಾಕು ಅಲ್ವಾ? ಸಾಲದು. ಅದೇ ಮಷೀನಿನ ಒಳಗೆ ಪೈರನ್ನು ಎಳೆದುಕೊಳ್ಳುವ ಕಬ್ಬಿಣದ ಚೈನೂ ಇದೆ, ಅದಕ್ಕೆ ಎಣ್ಣೆ ಬೇಕು. ರಬ್ಬರಿಗೆ ಎಣ್ಣೆ, ಡೀಸೆಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಒಂದು ಸಾಲಲ್ಲಿ "ಚೈನಿಗೆ ಎಣ್ಣೆ ಹಾಕಿ", ಮುಂದಿನ ಸಾಲಲ್ಲಿ "ಚೈನಿಗೆ ಎಣ್ಣೆ ತಾಗಿಸಬೇಡಿ" ಅಂದರೆ ಡ್ರೈವರ್ ಏನು ಮಾಡಬೇಕು? 'ಬೆಲ್ಟ್' ಕೂಡ ಆಗಲ್ಲ. ಎಂಜಿನ್ ಪಕ್ಕದಲ್ಲೇ ಬೇರೆ ಬೆಲ್ಟುಗಳಿವೆ, "ಬೆಲ್ಟ್ ಬಿಗಿ ಮಾಡಿ" ಅಂದರೆ ಕೈ ಅಲ್ಲಿಗೇ ಹೋಗುತ್ತದೆ. 'ಪಟ್ಟಿ' ಅಂದರೆ ಬೆಲೆಪಟ್ಟಿ ನೆನಪಾಗುತ್ತದೆ.

'ಹಳಿ' ನನಗೆ ಇಷ್ಟ. ಕೆಳಗಿನ ರೋಲರುಗಳು ನಿಜವಾಗಿ ಆ ರಬ್ಬರಿನ ಮೇಲೇ ಉರುಳುತ್ತವೆ, ಮಷೀನು ತನ್ನ ಹಳಿಯನ್ನು ತಾನೇ ಹಾಸಿಕೊಂಡು ಹೋಗುತ್ತದೆ. ಸಡಿಲವಾಗಿ ಕಳಚಿಕೊಂಡರೆ 'ಹಳಿ ತಪ್ಪಿತು' ಅನ್ನಬಹುದು, ಪದ ಪುಕ್ಕಟೆ! ಆದರೆ ಸಿಂಧನೂರಿನ ಗದ್ದೆಯಲ್ಲಿ ಹಳಿ ಅಂದರೆ ಯಾರೂ ರೈಲು ಬಿಟ್ಟು ಬೇರೆ ಯೋಚಿಸಲಾರರು ಅನ್ನೋ ಅನುಮಾನ. ಸದ್ಯಕ್ಕೆ ಎಲ್ಲ ಕಡೆ 'ರಬ್ಬರ್ ಚೈನು', ಒಳಗಿನದಕ್ಕೆ 'ಕಬ್ಬಿಣದ ಚೈನು' ಅಂತ ಪೂರ್ತಿ ಬರೆದಿದ್ದೇನೆ. ಉದ್ದ ಆಯ್ತು, ಗೊಂದಲ ಇಲ್ಲ.

ಇನ್ನೆರಡು ಪದ. ಮಷೀನನ್ನು ಜಾಕಿ ಕೊಟ್ಟು ಎತ್ತಿದಾಗ ರಬ್ಬರ್ ನಡುವೆ ಇಳಿಬೀಳುತ್ತದೆ, ಆ ಇಳಿತವನ್ನು ಅಳೆದು ಬಿಗಿ ಸರಿಮಾಡಬೇಕು. ಜಾಸ್ತಿ ಬಿಗಿಯಾದರೆ ರೋಲರು, ಬೇರಿಂಗು ಬೇಗ ಸವೆಯುತ್ತವೆ. ಆ ಇಳಿತಕ್ಕೆ 'ಜೋಲು' ಅಂತ ಹಾಕಿದ್ದೇನೆ, "ಜೋಲು ಎಷ್ಟಿದೆ ನೋಡಿ" ಅಂತ. ಓದೋಕೆ ಸರಿ ಅನಿಸುತ್ತಾ?

ರಬ್ಬರಿನ ಹೊರಗಡೆ ನೆಲ ಕಚ್ಚುವ ಉಬ್ಬುಗಳಿಗೆ 'ಹಲ್ಲು' ಅನ್ನೋಣ ಅಂದರೆ ರಬ್ಬರ್ ಚೈನನ್ನು ತಿರುಗಿಸುವ ಚಕ್ರಕ್ಕೂ ಹಲ್ಲಿದೆ. 'ಏಣು' ಹೇಗೆ? ಟಾರು ರಸ್ತೆಯಲ್ಲಿ ಓಡಿಸಿದರೆ, ಕಲ್ಲಿನ ಮೇಲೆ ನಿಂತಲ್ಲೇ ತಿರುಗಿಸಿದರೆ ಮೊದಲು ಸವೆಯುವುದು, ಹರಿಯುವುದು ಇದೇ. ಬಿರುಕು ಆಳವಾದರೆ ರಬ್ಬರಿನೊಳಗಿನ ಉಕ್ಕಿನ ತಂತಿಗೆ ನೀರು ಹೋಗಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಈ ಪದ ಕರಪತ್ರದಲ್ಲಿ ಪದೇ ಪದೇ ಬರುತ್ತದೆ. ರಾಯಚೂರು, ಕೊಪ್ಪಳ, ದಾವಣಗೆರೆ ಕಡೆ ಡ್ರೈವರುಗಳ ಬಾಯಲ್ಲಿ ಇದಕ್ಕೆ ಏನು ಹೆಸರಿದೆ, ಕೇಳಿದವರು ಹೇಳಿ.