ಬಿರುಗಾಳೀಲಿ ನಾಯಿಗಳನ್ನ ಒಳಗೆ ಕರ್ಕೊಂಡಿದ್ದು ತಪ್ಪಾ?

ಗುಂಪು: ಅಜ್ಜಿಮನೆ ಬಳಗ

ವಿನಯ್: (ವಿಡಿಯೊ) ಅಲಾಸ್ಕಾದ ಇಡಿಟರಾಡ್, ನಾಯಿಗಳು ಸ್ಲೆಡ್ (ಹಿಮಗಾಡಿ) ಎಳೆಯೋ ಪಂದ್ಯ. ಎಂಥ ಓಟ ನೋಡಿ ಎಲ್ರೂ!

ಸುಧಾ ಅತ್ತೆ: ನೋಡಕ್ಕಾಗ್ಲಿಲ್ಲ ಕಣೋ. ಆ ಹಿಮದಲ್ಲಿ ಪಾಪದವು ಎಳೀತಿವೆ, ಅವನು ಹಿಂದೆ ಆರಾಮಾಗಿ ನಿಂತಿದಾನೆ.

ವಿನಯ್: ಆರಾಮಾಗೆಲ್ಲಿ ಅತ್ತೆ? ಏರು ಬಂದ್ರೆ ಮಷರ್, ಅಂದ್ರೆ ನಾಯಿಗಳನ್ನ ಓಡಿಸೋನು, ಇಳಿದು ಸ್ಲೆಡ್ ತಳ್ತಾನೆ. ಸಮ ದಾರೀಲೂ ಒಂದು ಕಾಲಲ್ಲಿ ನೆಲ ಒದೀತಾ ಭಾರ ಕಮ್ಮಿ ಮಾಡ್ತಾನೆ. ಲಗಾಮೇ ಇಲ್ಲ. ಬಲಕ್ಕೆ 'ಜೀ', ಎಡಕ್ಕೆ 'ಹಾ' ಅಂತ ಕೂಗಿದ್ರೆ ಮುಂದಿನ ನಾಯಿ ತಿರುಗುತ್ತೆ.

ರಾಘು ಚಿಕ್ಕಪ್ಪ: 1,600 ಕಿ.ಮೀ. ಹತ್ತಿರ ಓಡಿಸ್ತಾರೆ. 2024ರಲ್ಲಿ ಮೂರು ನಾಯಿ ಸತ್ತವು. ಅದನ್ನೂ ಹಾಕು ಗುಂಪಿಗೆ.

ವಿನಯ್: 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿ (ಡಿಫ್ತೀರಿಯಾ) ಬಂದಾಗ ಔಷಧಿ ತಲುಪಿಸಿದ್ದು ಇಂಥ ನಾಯಿಗಳೇ ಚಿಕ್ಕಪ್ಪ. 20 ಮಷರ್‌ಗಳು ಕೈಯಿಂದ ಕೈಗೆ ದಾಟಿಸಿ ಸುಮಾರು ಐದೂವರೆ ದಿನದಲ್ಲಿ ಮುಟ್ಟಿಸಿದ್ರು.

ರಾಘು ಚಿಕ್ಕಪ್ಪ: ಅದು ಮಕ್ಕಳ ಜೀವ ಉಳಿಸೋಕೆ. ಇದು ಬಹುಮಾನಕ್ಕೆ. ಎರಡನ್ನೂ ಒಂದೇ ತಕ್ಕಡೀಲಿ ಇಡಬೇಡ.

ರೂಪಕ್ಕ: ಚಿಕ್ಕಪ್ಪ ಹೇಳಿದ ಸಾವುಗಳು ನಿಜ, ಮುಚ್ಚಿಡಬಾರದು. ಪಶುವೈದ್ಯೆಯಾಗಿ ನಾನು ನೋಡೋದು ದಾರಿಯ ತಂಗುದಾಣದಲ್ಲಿ ಸ್ಲೆಡ್ ನಿಂತ ಮೇಲೆ ಮಷರ್ ಏನು ಮಾಡ್ತಾರೆ ಅಂತ. ಒಣಹುಲ್ಲು ಹಾಸಬೇಕು. ಹಿಮ ಕರಗಿಸಿ ನೀರು ಕಾಯಿಸಿ ಮಾಂಸ, ಕೊಬ್ಬು ಕಲಸಿ ಹಾಕಬೇಕು. ಒಂದೊಂದು ನಾಯಿಗೂ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕಾಗುತ್ತೆ. ಪ್ರತಿ ಪಾದದ ಬೂಟಿ (ಬಟ್ಟೆಯ ಕಾಲ್ಚೀಲ) ಬಿಚ್ಚಿ ಬೆರಳ ಸಂದಿ ನೋಡಿ ಮುಲಾಮು ಹಚ್ಚಬೇಕು. ಭುಜ, ಕೀಲು ಒತ್ತಿ ಎಲ್ಲಿ ನೋವಿದೆ ತಿಳ್ಕೋಬೇಕು. ಕುಂಟೋ ನಾಯಿಯನ್ನ ಅಲ್ಲೇ ವೈದ್ಯರಿಗೆ ಒಪ್ಪಿಸಿದ್ರೆ ವಿಮಾನದಲ್ಲಿ ವಾಪಸ್ ಕಳಿಸ್ತಾರೆ. ಇಷ್ಟೂ ಆದ ಮೇಲೆ ಮಷರ್ ನಿದ್ದೆ. ಗೆಲ್ಲೋ ಆಸೆ ಇಟ್ಕೊಂಡೂ ನಾಯಿ ಬಿಟ್ಟು ಮುಂದೆ ಹೋಗೋ ತೀರ್ಮಾನ ಇದೆಯಲ್ಲ, ಅದೇ ಅತಿ ಕಷ್ಟದ ಕೆಲಸ.

ಸುಧಾ ಅತ್ತೆ: ಆದ್ರೂ ಹೊರಗೇ ಮಲಗಿಸ್ತಾರಲ್ಲ ರೂಪಾ?

ರೂಪಕ್ಕ: ದಟ್ಟ ರೋಮ ಇರೋದ್ರಿಂದ ಒಣ ಚಳಿ ತಡ್ಕೋತವೆ ಅತ್ತೆ. ಬಿರುಗಾಳಿ ಬೇರೆ ಮಾತು. 2022ರಲ್ಲಿ ಓಟದ ಕೊನೇ ಭಾಗದಲ್ಲಿ ಗಾಳಿಗೆ ಸಿಕ್ಕ ಮೂವರು ಮಷರ್‌ಗಳು ನಾಯಿಗಳನ್ನ ಆಸರೆ ಗುಡಿಸಲೊಳಗೆ ಕರ್ಕೊಂಡ್ರು. ಆಗಿನ ನಿಯಮದಲ್ಲಿ ಅದಕ್ಕೆ ಅವಕಾಶ ಇರ್ಲಿಲ್ಲ. ಇಬ್ಬರ ಸ್ಥಾನ ಇಳಿಸಿದ್ರು, ಮೂರನೆಯವರಿಗೆ 1,000 ಡಾಲರ್ ದಂಡ.

ಸುಧಾ ಅತ್ತೆ: ಕಾಪಾಡಿದ್ದಕ್ಕೆ ದಂಡವಾ!

ವಿನಯ್: ಒಳಗೆ ಮಲಗಿ ಎದ್ದ ನಾಯಿ ಮುಂದೆ ಚುರುಕಾಗಿ ಓಡುತ್ತೆ ಅತ್ತೆ. ಹೊರಗೇ ಗಾಳಿ ಎದುರಿಸಿದ ತಂಡಕ್ಕೆ ಅನ್ಯಾಯ ಅಲ್ವಾ?

ರೂಪಕ್ಕ: ವಿನಯ್, ಆ ಹೊತ್ತಲ್ಲಿ ಅಲ್ಲಿ ವೈದ್ಯರಿಲ್ಲ, ತೀರ್ಪುಗಾರರಿಲ್ಲ. ನಾಯಿಗೆ ಇರೋದು ಮಷರ್ ಒಬ್ಬರೇ. ಅವರ ಜಾಗದಲ್ಲಿ ನಾನಿದ್ದಿದ್ರೂ ಬಾಗಿಲು ತೆಗೀತಿದ್ದೆ.

ರಾಘು ಚಿಕ್ಕಪ್ಪ: ಬಹುಮಾನದ ಓಟ ನಾನು ಒಪ್ಪಲ್ಲ. ಆದ್ರೆ ಆ ಮೂವರು ಮಾಡಿದ್ದು ಸರಿ. ಶಿಕ್ಷೆ ಕೊಟ್ಟೋರು ತಪ್ಪು ಮಾಡಿದ್ರು.

ವಿನಯ್: ಒಳಗಿದ್ದಷ್ಟು ಹೊತ್ತನ್ನ ಅವರ ಸಮಯಕ್ಕೆ ಸೇರಿಸಿದ್ರೆ ಸಾಕಿತ್ತು ಅಕ್ಕ. ದಂಡ ಬೇಡ, ಆದ್ರೆ ಲೆಕ್ಕ ಬೇಕು.

ರೂಪಕ್ಕ: ಅದನ್ನ ಒಪ್ತೀನಿ. ನಿಯಮ ಹಾಗೆ ಬರೀಬಹುದಿತ್ತು.